ಕೆಮ್ಮಿನ ಬ್ಯಾಂಡಿನ ಬೇಸಕ್ಕ

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ದಯವಿಟ್ಟು ಕ್ಷಮಿಸಬೇಕು. ಒಂಬತ್ತನೇ ತರಗತಿಯ ಅರ್ಧಕ್ಕೆ ಶಾಲೆ ಬಿಟ್ಟವಳು ನಾನು. ಗೊತ್ತಿರುವ ಪದಗಳೂ ಕಡಿಮೆ. ನಮ್ಮ ಬೀದಿಯ ವಾಚನಾಲಯದವರು ಬೀದಿಯ ಜನರ ಬಾಳಿನ ಬಗ್ಗೆ ಒಂದು ಪುಸ್ತಕ ಮಾಡುತ್ತಿದ್ದಾರೆ. ನನ್ನ ಸೋದರತ್ತೆಯ ಬಗ್ಗೆ ಬರೆಯುವವರು ಬೇರೆ ಯಾರೂ ಸಿಗದ ಕಾರಣ ನಾನು ಬರೆದಿದ್ದೇನೆ. ಇದರಲ್ಲಿ ಬರುವ ಅಣ್ಣ ನನ್ನ ಅಪ್ಪ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದ್ದೇನೆ. ಇಬ್ಬರ ಮಾತು ಹೊಂದದ ಕಡೆ ಹಾಗೆಂದೇ ಬರೆದಿದ್ದೇನೆ. ಅತ್ತೆಯನ್ನು ‘ಅವಳು’ ಎಂದಿರುವುದು ಕತೆ ಸರಾಗವಾಗಲಿ ಎಂದು, ಅಗೌರವದಿಂದ ಅಲ್ಲ.

ಬೀದಿಯಲ್ಲಿ ಎಲ್ಲರೂ ಅವಳನ್ನು ಬೇಸಕ್ಕ ಎಂದೇ ಕರೆಯುತ್ತಾರೆ. ಬೇಸ್ ಗಿಟಾರ್ ನುಡಿಸುತ್ತಾಳೆಂದು ಬಂದ ಹೆಸರು. ಆದರೆ ವಾರದಲ್ಲಿ ಆರು ದಿನ ಅವಳ ಕೈಯಲ್ಲಿ ಇರುವುದು ಗಿಟಾರ್ ಅಲ್ಲ, ಆಸ್ಪತ್ರೆಯ ಹಾಸಿಗೆಯ ಚಾದರ. ಆಸ್ಪತ್ರೆಯ ಹಿಂಭಾಗದ ಲಾಂಡ್ರಿಯಲ್ಲಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಅವಳ ಕೆಲಸ. ಒಂದು ಗೋಡೆಯ ಉದ್ದಕ್ಕೂ ಒಗೆಯುವ ಯಂತ್ರಗಳು, ಇನ್ನೊಂದು ಗೋಡೆಗೆ ಒಣಗಿಸುವ ಯಂತ್ರಗಳು, ನಡುವೆ ಚಾದರವನ್ನು ಒಂದು ಬದಿಯಿಂದ ನುಂಗಿ ಇನ್ನೊಂದು ಬದಿಯಿಂದ ಉಗುಳುವ ದೊಡ್ಡ ರೋಲರ್ ಇಸ್ತ್ರಿ. ಬಿಸಿ ಚಾದರ ಹೊರಬಂದ ಕೂಡಲೇ ಇಬ್ಬರು ಎದುರು ಬದುರು ನಿಂತು ತುದಿ ಹಿಡಿಯಬೇಕು. ಎಳೆ, ಕೂಡಿಸು, ಹತ್ತಿರ ಬಾ, ತುದಿ ಕೊಡು. ಒಬ್ಬರಿಂದ ಆಗುವ ಕೆಲಸವಲ್ಲ. ಹದಿನೆಂಟು ವರ್ಷದಿಂದ ಎದುರಿನ ತುದಿ ಹಿಡಿದವಳು ಕನ್ನಡಕದಮ್ಮ. ರೋಲರಿನ ಹಬೆಗೆ ಕನ್ನಡಕ ಮಂಜಾಗಿ ಅವಳಿಗೆ ಅರ್ಧ ದಿನ ಏನೂ ಕಾಣುವುದಿಲ್ಲ. ಆದರೂ ತುದಿ ತಪ್ಪುವುದಿಲ್ಲ.

ಭಾನುವಾರ ಮಧ್ಯಾಹ್ನ ಮಾತ್ರ ಗಿಟಾರ್. ಅಣ್ಣ ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸದವನು. ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಡಬ್ಬಗಳ ಸಾಲುಗಳ ನಡುವೆ, ಆಗ ನಾಲ್ಕು ಜನರ ಬ್ಯಾಂಡು. ಹಾಡುವುದು ಮತ್ತು ಕೀಬೋರ್ಡ್ ಅಣ್ಣನದು. ಗಿಟಾರ್ ಹಿಡಿದವನು ಕೈಗಡಿಯಾರ ರಿಪೇರಿ ಮಾಡುವವನು; ವಾಚಿನವನು ಎಂದರೆ ಎಲ್ಲರಿಗೂ ಗೊತ್ತು. ಡ್ರಮ್ಮು ಬೇಸಕ್ಕನ ಗಂಡನದು. ಅವನು ಬಡಗಿ, ಕಿಟಕಿ ಬಾಗಿಲು ಮಾಡುವವನು. ಬೇಸ್ ಅವಳದು.

ಅವರು ನುಡಿಸುತ್ತಿದ್ದದ್ದು ರೆಗ್ಗೇ. ಗೊತ್ತಿಲ್ಲದವರಿಗಾಗಿ ಒಂದು ಮಾತು ಹೇಳಬೇಕು. ಬೇರೆ ಹಾಡುಗಳಲ್ಲಿ ಒಂದು ಎರಡು ಮೂರು ನಾಲ್ಕು ಎಂದು ಎಣಿಸಿದರೆ ಒಂದಕ್ಕೆ ಡ್ರಮ್ಮಿನ ಪೆಟ್ಟು ಜೋರಾಗಿ ಬೀಳುತ್ತದೆ. ಇವರ ರೆಗ್ಗೇಯಲ್ಲಿ ಆ ಒಂದನ್ನು ಖಾಲಿ ಬಿಡುತ್ತಾರೆ. ಪೆಟ್ಟು ಬೀಳುವುದು ಮೂರಕ್ಕೆ. ಬಡಗಿಯನ್ನು ಯಾರಾದರೂ “ಯಾಕಯ್ಯಾ ಮೊದಲನೇದು ಹೊಡೆಯಲ್ಲ, ಕೈಗೆ ಸೋಮಾರಿತನವಾ?” ಎಂದು ಕೇಳಿದರೆ, “ಅದನ್ನ ಕೇಳೋರು ಎದೆಯಲ್ಲೇ ಹೊಡ್ಕೋತಾರೆ, ನಾನ್ಯಾಕೆ ಕೈ ನೋಯಿಸ್ಕೊಳ್ಳಲಿ?” ಎನ್ನುತ್ತಿದ್ದ.

ಹಾಡು ಶುರು ಮಾಡಲು ಎಲ್ಲ ಬ್ಯಾಂಡಿನವರೂ ಬಾಯಲ್ಲಿ ಎಣಿಸುತ್ತಾರಂತೆ. ಇವರು ಎಣಿಸುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಮೊದಲ ಕ್ಯಾಸೆಟ್ಟಿಗೆ ಹಾಡು ತುಂಬಿಸಿದ ದಿನ ಬಡಗಿ ನೇರ ಕೆಲಸದಿಂದ ಬಂದಿದ್ದ. ಗಂಟಲ ತುಂಬ ಮರದ ಹುಡಿ. ಎಣಿಸಲೆಂದು ಬಾಯಿ ತೆರೆದವನು ಕೆಮ್ಮಿಬಿಟ್ಟ. ಒಂದೇ ಕೆಮ್ಮು, ಚಿಕ್ಕದು. ಬೇಸಕ್ಕ ಅದನ್ನೇ ಸೂಚನೆ ಎಂದುಕೊಂಡು ನುಡಿಸಲು ಶುರು ಮಾಡಿದಳು, ಅವಳ ಹಿಂದೆ ಉಳಿದವರೂ ಬಂದರು. ಹಾಡು ಎಷ್ಟು ಚೆನ್ನಾಗಿ ಬಂತೆಂದರೆ ಇನ್ನೊಮ್ಮೆ ನುಡಿಸುವ ಧೈರ್ಯ ಯಾರಿಗೂ ಬರಲಿಲ್ಲ. ಆ ಕೆಮ್ಮು ಕ್ಯಾಸೆಟ್ಟಿನಲ್ಲಿ ಹಾಗೇ ಉಳಿಯಿತು. ಅಂದಿನಿಂದ ಪ್ರತಿ ಹಾಡಿಗೂ ಬಡಗಿ ಕೆಮ್ಮಬೇಕು, ಬೇಸಕ್ಕ ಒಳಗೆ ಬರಬೇಕು. ಕೇಳಲು ಬಂದವರೂ ಹಾಡು ಶುರುವಾಗುವ ಮುಂಚೆ ಕುಳಿತಲ್ಲಿಂದಲೇ ಕೆಮ್ಮಿ ಅವನನ್ನು ಕರೆಯುತ್ತಿದ್ದರು. ಕೆಮ್ಮಿನ ಬ್ಯಾಂಡು ಎಂದು ಹೆಸರಾಯಿತು. ಎಣಿಸಿ ಶುರು ಮಾಡುವುದು ಹೇಗೆಂದು ಬೇಸಕ್ಕ ಕಲಿಯಲೇ ಇಲ್ಲ, ಬೇಕಾಗಿರಲಿಲ್ಲ.

ಬಡಗಿಗೆ ಲಕ್ವ ಹೊಡೆದದ್ದು ಒಂದು ಮಂಗಳವಾರ. ಕಿಟಕಿಯ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದವನು ಹಾಗೇ ಬಲಕ್ಕೆ ವಾಲಿದನಂತೆ. ಜೊತೆಯವರು ಅದೇ ಆಸ್ಪತ್ರೆಗೆ ತಂದರು. ಲಾಂಡ್ರಿಯ ಬಾಗಿಲಿಗೆ ಬಂದು ಯಾರೋ ಸುದ್ದಿ ಹೇಳಿದಾಗ ಬೇಸಕ್ಕನ ಕೈಯಲ್ಲಿ ಚಾದರವಿತ್ತು, ಎರಡು ಮಡಿಕೆ ಆಗಿತ್ತು. ಉಳಿದದ್ದನ್ನೂ ಮಡಚಿ, ಅಟ್ಟಿಯ ಮೇಲಿಟ್ಟು, ಕೈ ಒರೆಸಿಕೊಂಡು ಹೊರಟಳು. ಅದನ್ನು ಕನ್ನಡಕದಮ್ಮ ಇವತ್ತಿಗೂ ಹೇಳುತ್ತಾಳೆ: “ನಾನು ತುದಿ ಬಿಟ್ಟೆ ಕಣಮ್ಮ. ಅವಳು ಬಿಡಲಿಲ್ಲ.”

ಅವನನ್ನು ಮಲಗಿಸಿದ್ದ ಚಾದರದಲ್ಲಿ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಆ ಮಡಿಕೆ ತನ್ನ ಕೈಯದೇ ಎಂದು ಅವಳಿಗೆ ಗೊತ್ತಾಯಿತು. ಗೊತ್ತಾಯಿತು, ಅಷ್ಟೇ. ಡಾಕ್ಟರು ಒಂದು ಸೂಜಿ ತಂದು ಅವನ ಬಲಗೈಗೆ ಚುಚ್ಚಿ, “ಗೊತ್ತಾಗ್ತಿದೆಯಾ?” ಎಂದು ಕೇಳಿದರು. ಅವನು ತಲೆಯಾಡಿಸಿ ಇಲ್ಲ ಎಂದ. ಕಾಲಿಗೆ ಚುಚ್ಚಿದರು. ಇಲ್ಲ. ಬೇಸಕ್ಕ ಪಕ್ಕದಲ್ಲಿ ನಿಂತು ಆ ಸೂಜಿಯನ್ನು ನೋಡುತ್ತಿದ್ದಳು.

ಅವಳು ಅಳಲಿಲ್ಲ. ಕಲ್ಲೆದೆ ಎಂದರು ಕೆಲವರು, ಗಟ್ಟಿ ಹೆಂಗಸು ಎಂದರು ಕೆಲವರು. ಎರಡೂ ಅಲ್ಲ ಎನ್ನುತ್ತಾಳೆ ಅವಳು. ಕೈ ತಲೆಯಡಿ ಇಟ್ಟು ಮಲಗಿ ಜೋಮು ಹಿಡಿದಾಗ ಆ ಕೈ ನಮ್ಮದೇ ಆದರೂ ನಮ್ಮದಲ್ಲದ ಹಾಗೆ ತೂಗುತ್ತದಲ್ಲ, ಹಾಗೆ ಇತ್ತಂತೆ ಎಲ್ಲವೂ. ಅನ್ನ ಬೇಯುತ್ತಿತ್ತು, ತಿನ್ನುತ್ತಿದ್ದಳು. ಯಾರಾದರೂ ತಮಾಷೆ ಮಾಡಿದರೆ ಅದು ತಮಾಷೆ ಎಂದು ತಿಳಿಯುತ್ತಿತ್ತು, ನಗು ಬರುತ್ತಿರಲಿಲ್ಲ. ಬಡಗಿ ಮನೆಗೆ ಬಂದ ಮೇಲೆ ಸ್ನಾನ, ಬಟ್ಟೆ, ಔಷಧಿ ಎಲ್ಲ ಹೊತ್ತು ಹೊತ್ತಿಗೆ ಆಗುತ್ತಿತ್ತು. ಅವನ ಮಾತು ತೊದಲುತ್ತಿತ್ತು, ಒಂದೆರಡು ಪದಕ್ಕೆ ಮುಗಿಯುತ್ತಿತ್ತು. ಅವಳು ಅದಕ್ಕಿಂತಲೂ ಕಡಿಮೆ ಆಡುತ್ತಿದ್ದಳು.

ನಾಲ್ಕು ತಿಂಗಳು ಬ್ಯಾಂಡು ಬಾಗಿಲು ಹಾಕಿತ್ತು. ಐದನೇ ತಿಂಗಳಲ್ಲಿ ಅಣ್ಣ ಒಂದು ಪೆಟ್ಟಿಗೆ ತಂದ. ಇಟ್ಟಿಗೆಯಷ್ಟು ದೊಡ್ಡದು, ಮೈ ತುಂಬ ಗುಂಡಿಗಳು. ಒತ್ತಿದರೆ ತಾನೇ ಡ್ರಮ್ ಬಾರಿಸುತ್ತದೆ. ಅಣ್ಣ ಅದರ ಜೊತೆ ಹೊಸ ಹಾಡುಗಳನ್ನೂ ತಂದಿದ್ದ. ರೆಗ್ಗೇ ಅಲ್ಲ, ಡಿಸ್ಕೋ. ಒಂದು ಎರಡು ಮೂರು ನಾಲ್ಕು, ನಾಲ್ಕಕ್ಕೂ ಒಂದೇ ತೂಕದ ಪೆಟ್ಟು. ಗೋದಾಮಿನ ಡಬ್ಬಗಳೆಲ್ಲ ಕುಣಿದವು.

ವಾಚಿನವನು ಗಿಟಾರನ್ನು ಚೀಲದಿಂದ ತೆಗೆಯಲೇ ಇಲ್ಲ.

“ನೋಡಪ್ಪ,” ಎಂದ, “ನನ್ನ ಅಂಗಡೀಲಿ ಇನ್ನೂರು ಗಡಿಯಾರ ಟಿಕ್ ಟಿಕ್ ಅಂತವೆ. ಅದರಿಂದ ತಪ್ಪಿಸ್ಕೊಳ್ಳೋಕೆ ನಾನು ಭಾನುವಾರ ಇಲ್ಲಿಗೆ ಬರ್ತಿದ್ದೆ. ಈಗ ನೀನು ಇಲ್ಲೂ ಒಂದು ಗಡಿಯಾರ ತಂದಿಟ್ಟಿದ್ದೀಯ.”

“ಜನ ಕುಣೀತಾರೆ ಕಣೋ!” ಎಂದ ಅಣ್ಣ. “ನಮ್ಮ ಹಾಡಿಗೆ ತಲೆ ಆಡಿಸ್ತಾರೆ, ಕಾಲು ಆಡಿಸಲ್ಲ. ತಲೆ ಆಡಿಸೋರ ಕೂದಲೂ ಬೆಳ್ಳಗಾಯ್ತು.”

“ನಿನ್ನ ತಲೇಲಿ ಬೆಳ್ಳಗಾಗೋಕೆ ಕೂದಲೇ ಉಳಿದಿಲ್ಲ, ಆ ಸಂಕಟಕ್ಕೆ ಡಿಸ್ಕೋ ಮಾಡ್ತಿದ್ದೀಯ.”

“ಹಾಗಾದ್ರೆ ಏನು ಮಾಡೋಣ ಹೇಳು. ಭಾವ ಏಳೋವರೆಗೂ ನಾವೂ ಮಲಗಿರೋಣವಾ?”

ಆ ಮಾತು ಆಡಬಾರದಿತ್ತು ಎಂದು ಅಣ್ಣ ಈಗ ಒಪ್ಪುತ್ತಾನೆ. ವಾಚಿನವನು ಬೇಸಕ್ಕನ ಮುಖ ನೋಡಿದ. ಅವಳು ಕೆರಳುತ್ತಾಳೆ ಎಂದುಕೊಂಡಿದ್ದ. ಅವಳು ಗಿಟಾರಿನ ದಪ್ಪ ತಂತಿ ಬಿಗಿ ಮಾಡುತ್ತಿದ್ದಳು. ವಾಚಿನವನು ಚೀಲ ಹೆಗಲಿಗೇರಿಸಿ, “ಹೋಗ್ಲಿ ಬಿಡು, ಕೈಗೆ ಎಲ್ಲಾ ಹಾಡೂ ಒಂದೇ ಆದವರ ಹತ್ರ ಏನು ಮಾತು,” ಎಂದು ಹೊರಟುಹೋದ. ಅವನು ಮತ್ತೆ ಗೋದಾಮಿಗೆ ಕಾಲಿಡಲಿಲ್ಲ.

ಬೀದಿ ಎರಡಾಯಿತು. ಇದು ಅತಿಶಯೋಕ್ತಿ ಅನ್ನಿಸಬಹುದು, ಆದರೆ ಆದದ್ದೇ ಹಾಗೆ. ಬ್ಯಾಂಡಿನ ಹಳೆಯ ಕ್ಯಾಸೆಟ್ಟು ಇಟ್ಟುಕೊಂಡವರು ಸಿಟ್ಟಿಗೆ ಒಬ್ಬೊಬ್ಬರಾಗಿ ತಂದು ಬಣ್ಣದಂಗಡಿಯ ಹೊಸ್ತಿಲ ಮೇಲೆ ಇಟ್ಟುಹೋಗತೊಡಗಿದರು. ಬೆಳಿಗ್ಗೆ ಅಣ್ಣ ಬಾಗಿಲು ತೆರೆದರೆ ಐದಾರು. ಅಂಗಡಿಯ ಹೊರಗಿನ ಹಲಗೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ, ‘ಅಂತೂ ಕೆಮ್ಮಿಗೆ ಔಷಧಿ ಸಿಕ್ಕಿತೇ?’ ಎಂದು ಬರೆದರು. ಅದರ ಕೆಳಗೆ ಇನ್ಯಾರೋ, ‘ಸಿಕ್ಕಿತು, ಈಗ ನಿಮಗೆ ಹೊಟ್ಟೆನೋವು’ ಎಂದು ಬರೆದರು. ಎಳೆಯರು ಅಣ್ಣನ ಕಡೆ, ಹಳಬರು ವಾಚಿನವನ ಕಡೆ. ಅಕ್ಕಪಕ್ಕದ ಮನೆಯವರು ಇದಕ್ಕೆ ಮಾತು ಬಿಟ್ಟರು. ಬೇಸಕ್ಕ ಇವರೆಲ್ಲರ ನಡುವೆ ಬೆಳಿಗ್ಗೆ ಐದೂಮುಕ್ಕಾಲಿಗೆ ಲಾಂಡ್ರಿಗೆ ನಡೆದು ಹೋಗುತ್ತಿದ್ದಳು. ಎರಡು ಕಡೆಯವರೂ ಅವಳಿಗೆ ನಮಸ್ಕಾರ ಹೇಳುತ್ತಿದ್ದರು. ಅವಳೂ ಎರಡು ಕಡೆಗೂ ಹೇಳುತ್ತಿದ್ದಳು.

ಡಿಸ್ಕೋವಿನ ಮೊದಲ ಕಾರ್ಯಕ್ರಮ ಬೀದಿಯ ಕೊನೆಯ ಸಭಾಂಗಣದಲ್ಲಿ ಭಾನುವಾರ ನಾಲ್ಕು ಗಂಟೆಗೆ ಇತ್ತು. ಅಣ್ಣ ಹೊಳೆಯುವ ಅಂಗಿ ಹಾಕಿದ್ದ. ಅವಳಿಗೂ ಒಂದು ತಂದಿದ್ದ, ಅವಳು ಹಾಕಲಿಲ್ಲ. ವೇದಿಕೆಯ ಮೇಲೆ ಇಬ್ಬರೇ. ಡ್ರಮ್ಮಿನ ಜಾಗದಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ಪೆಟ್ಟಿಗೆ. ವಾಚಿನವನು ಮೂರನೇ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದ, ಸುತ್ತ ಹಳಬರು.

ಪೆಟ್ಟಿಗೆ ನಾಲ್ಕು ಸಲ ಪೀಂ ಪೀಂ ಎಂದು ಶುರುವಾಯಿತು. ಗೋದಾಮಿನಲ್ಲಿ ಎಷ್ಟೋ ಸಲ ಮಾಡಿ ಅವಳಿಗೆ ಅದು ರೂಢಿಯಾಗಿತ್ತು. ಎಳೆಯರು ಎದ್ದು ಕುಣಿದರು. ಎರಡು ಹಾಡು ಸರಿಯಾಗಿಯೇ ಹೋಯಿತು. ಮೂರನೆಯ ಹಾಡಿನ ನಡುವೆ, ಬೇಸ್ ಸ್ವಲ್ಪ ಹೊತ್ತು ಸುಮ್ಮನಿರಬೇಕಾದ ಜಾಗದಲ್ಲಿ, ಮೂರನೇ ಸಾಲಿನಿಂದ ಯಾರೋ ಕೆಮ್ಮಿದರು. ಇನ್ನೊಬ್ಬರು ಕೆಮ್ಮಿದರು. ಆಮೇಲೆ ಹಳಬರೆಲ್ಲ ಕೂಡಿ, ಹಳೆಯ ಕಾಲದ ಹಾಗೆ, ಒಟ್ಟಿಗೆ ಒಂದು ಕೆಮ್ಮು ಕೆಮ್ಮಿದರು. ಅಣ್ಣನನ್ನು ಅಣಕಿಸಲು.

ಬೇಸಕ್ಕನ ಬೆರಳು ಶುರುವಾಯಿತು.

ಅವಳು ಶುರು ಮಾಡಲಿಲ್ಲ, ಬೆರಳು ಶುರುವಾಯಿತು ಎಂದೇ ಬರೆಯಬೇಕೆಂದು ಹೇಳಿದ್ದಾಳೆ. ಬಂದದ್ದು ಆ ಮೊದಲ ಕ್ಯಾಸೆಟ್ಟಿನ ಮೊದಲ ಹಾಡು. ಒಂದನ್ನು ಖಾಲಿ ಬಿಟ್ಟು, ನಿಧಾನವಾಗಿ, ದಪ್ಪವಾಗಿ. ಪೆಟ್ಟಿಗೆ ತನ್ನ ಪಾಡಿಗೆ ದಡ್ ದಡ್ ಎಂದು ಓಡುತ್ತಿತ್ತು. ಅಣ್ಣ ಡಿಸ್ಕೋ ಹಾಡುತ್ತಿದ್ದ. ಎರಡು ಹಾಡು ಒಂದರ ಕಾಲನ್ನು ಒಂದು ತುಳಿಯುತ್ತ ಎಷ್ಟೋ ಹೊತ್ತು ಹೋದವು. ಅರ್ಧ ನಿಮಿಷ ಎನ್ನುತ್ತಾಳೆ ಅವಳು, ಎರಡು ನಿಮಿಷ ಎನ್ನುತ್ತಾನೆ ಅಣ್ಣ. ಹಳಬರು ಚಪ್ಪಾಳೆ ತಟ್ಟಿದರು, ಎಳೆಯರು ಕೂಗಿದರು, ಯಾರೋ ಕುರ್ಚಿ ಎಳೆದು ಬೀಳಿಸಿದರು. ಅಣ್ಣ ಪೆಟ್ಟಿಗೆಯ ಗುಂಡಿ ಒತ್ತಿ ನಿಲ್ಲಿಸಿದ. ಬೇಸಕ್ಕ ಮಾತ್ರ ಇನ್ನೂ ನುಡಿಸುತ್ತಿದ್ದಳು.

ಕಾರ್ಯಕ್ರಮ ಅಲ್ಲಿಗೇ ಮುಗಿದು ಅವಳು ಹೊರಗೆ ಬಂದಾಗ ವಾಚಿನವನು ಕಣ್ಣಲ್ಲಿ ನೀರು ತಂದುಕೊಂಡು ನಿಂತಿದ್ದ. “ನೋಡಿದ್ಯಾ ಅಕ್ಕ? ನಿನ್ನ ಬೆರಳಿಗೆ ಸತ್ಯ ಗೊತ್ತು.”

“ಬೆರಳಿಗೇನೂ ಗೊತ್ತಿಲ್ಲ,” ಎಂದಳು ಅವಳು. “ಕೆಮ್ಮಿದ್ರಿ, ಬಂತು. ಗಂಟೆ ಹೊಡೆದ್ರೆ ಮಕ್ಕಳು ಶಾಲೆಯಿಂದ ಓಡಿಬರಲ್ವಾ, ಹಾಗೆ.”

ಬುಧವಾರ ಅಣ್ಣ ಲಾಂಡ್ರಿಗೆ ಬಂದ. ಅವತ್ತು ಕನ್ನಡಕದಮ್ಮ ರಜೆ. ಚಾದರ ರೋಲರಿನಿಂದ ಬರುತ್ತಲೇ ಇತ್ತು, ಆದ್ದರಿಂದ ಅವಳು ಅಣ್ಣನ ಕೈಗೆ ತುದಿ ಕೊಟ್ಟಳು. ಅವನು ಬಿಸಿಗೆ “ಅಯ್ಯಯ್ಯೋ” ಎನ್ನುತ್ತ ಹಿಡಿದ.

“ಎಳಿ,” ಎಂದಳು.

“ಎಳೀತಿದ್ದೀನಲ್ಲ. ನೋಡು, ನಾನು ಬೈಯೋಕೆ ಬಂದಿಲ್ಲ.”

“ಕೂಡಿಸು. ಆ ತುದಿ ಅಲ್ಲ, ಇನ್ನೊಂದು.”

“ಮುಂದಿನ ತಿಂಗಳ ಕೊನೆ ಭಾನುವಾರಕ್ಕೆ ಮತ್ತೆ ಸಭಾಂಗಣ ಹೇಳಿದ್ದೀನಿ. ನೀನು ಇದ್ರೆ ಬ್ಯಾಂಡು ಇದೆ. ನೀನು ಇಲ್ಲ ಅಂದ್ರೆ ನಾನು ಆ ಹೆಸರು ಮುಚ್ಚಿಬಿಡ್ತೀನಿ, ಇಪ್ಪತ್ತೆರಡು ವರ್ಷ ಸಾಕು ಅಂತ. ಎರಡರಲ್ಲಿ ಒಂದು ಹೇಳು ತಂಗಿ. ಶನಿವಾರದೊಳಗೆ ಹೇಳು.”

“ಹತ್ತಿರ ಬಾ,” ಎಂದಳು ಅವಳು. ಚಾದರದ ಲೆಕ್ಕಕ್ಕೆ ಹೇಳಿದ್ದು. ಅವನು ಹತ್ತಿರ ಬಂದು ತುದಿ ಕೊಟ್ಟ. ಮಡಿಕೆ ಸೊಟ್ಟಗಾಗಿತ್ತು. ಅವಳು ಬಿಚ್ಚಿ ಮತ್ತೆ ಅವನ ಕೈಗೆ ಕೊಟ್ಟಳು.

“ನಿಂಗೆ ಸಿಟ್ಟಾದ್ರೂ ಬರಬಾರದಾ?” ಎಂದ ಅಣ್ಣ.

“ಬಂದ್ರೆ ಹೇಳ್ತೀನಿ.”

ಗುರುವಾರ ಅವಳೇ ವಾಚಿನವನ ಅಂಗಡಿಗೆ ಹೋದಳು. ಮಹಡಿ ಮೆಟ್ಟಿಲಿನ ಅಡಿಯ ಗೂಡಿನಂಥ ಅಂಗಡಿ ಅದು. ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕು. ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಕೈಗಡಿಯಾರದ ಹೊಟ್ಟೆ ಬಗೆದಿದ್ದ.

“ಒಳ್ಳೆ ಸುದ್ದಿ ಅಕ್ಕ,” ಎಂದ ತಲೆ ಎತ್ತದೆ. “ಡ್ರಮ್ಮಿಗೆ ಒಬ್ಬ ಸಿಕ್ಕಿದ್ದಾನೆ. ಇಪ್ಪತ್ತೈದು ವರ್ಷದವನು. ಮೊದಲನೇದನ್ನ ಬಿಡೋಕೆ ಬರುತ್ತೆ ಅವನಿಗೆ. ನೀನು ಬಾ, ಹಳೇ ಹಾಡುಗಳನ್ನೆಲ್ಲ ಮತ್ತೆ ನುಡಿಸೋಣ. ನಿಜವಾದ ಬ್ಯಾಂಡು ಅಂದ್ರೆ ಅದು. ನಿನ್ನ ಯಜಮಾನ್ರ ಮರ್ಯಾದೆನೂ ಉಳಿಯುತ್ತೆ.”

“ಹಾಡು ಶುರು ಮಾಡೋದು ಹೇಗೆ?”

“ಅದೂ ಆಗಿದೆ. ಕೆಮ್ಮೋದು ಕಲಿಸಿದ್ದೀನಿ. ಥೇಟ್ ಹಾಗೇ ಕೆಮ್ತಾನೆ, ಬೇಕಾದ್ರೆ ಕರೆಸ್ತೀನಿ, ಕೇಳು.”

ಬೇಡ ಎಂದಳು ಬೇಸಕ್ಕ. ಅಂಗಡಿಯ ಗಡಿಯಾರಗಳಲ್ಲಿ ಒಂದೊಂದರಲ್ಲೂ ಒಂದೊಂದು ಸಮಯವಿತ್ತು. ನಿಜವಾದದ್ದು ಯಾವುದು ಎಂದು ಕೇಳಿ, ಐದೂಕಾಲು ಎಂದು ತಿಳಿದುಕೊಂಡು, ಔಷಧಿಯ ಹೊತ್ತಾಯಿತೆಂದು ಮನೆಗೆ ಬಂದಳು.

ಶುಕ್ರವಾರ ಕೆಲಸ ಮುಗಿಸಿ ಬಂದು ಅವಳು ಬಡಗಿಯ ಗಡ್ಡ ತೆಗೆಯಲು ಕೂತಳು. ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ. ಆ ಕಿಟಕಿ ಅವನೇ ಮಾಡಿದ್ದು. ಎಡಗೆನ್ನೆ ಆಯಿತು. ಬಲಗೆನ್ನೆಯಲ್ಲಿ ಬ್ಲೇಡು ಸ್ವಲ್ಪ ಜಾರಿತು. ನೊರೆಯೊಳಗೆ ಕೆಂಪು ಬಂತು. ಅವನಿಗೆ ಗೊತ್ತಾಗಲಿಲ್ಲ, ಹೊರಗೆ ನೋಡುತ್ತಲೇ ಇದ್ದ. ಅವಳಿಗೆ ಕಾಣಿಸಿತು, ಆದರೆ ಎದೆ ಝಲ್ಲೆನ್ನಲಿಲ್ಲ. ಬಟ್ಟೆಯಿಂದ ಒತ್ತಿ ಹಿಡಿದಳು. ಒತ್ತಿ ಹಿಡಿದುಕೊಂಡೇ ಅಣ್ಣ ಹೇಳಿದ್ದನ್ನೂ ವಾಚಿನವನು ಹೇಳಿದ್ದನ್ನೂ ಹೇಳಿದಳು, ಅಂಗಡಿಯ ಚೀಟಿ ಓದಿದ ಹಾಗೆ. ಕೊನೆಗೆ, “ಒಬ್ಬ ಪೆಟ್ಟಿಗೆ ತಂದ, ಇನ್ನೊಬ್ಬ ಹೊಸಬನನ್ನ ತಂದ. ಇಬ್ರೂ ನಿಮ್ಮನ್ನ ಒಂದು ಮಾತು ಕೇಳಲಿಲ್ಲ ಅಲ್ವಾ ರೀ?” ಎಂದಳು.

ಬಡಗಿ ಬಾಯಿ ತೆರೆದ. ಪದ ಬರಲು ಹೊತ್ತು ಹಿಡಿಯಿತು.

“ನೀನೂ,” ಎಂದ.

ಅವಳು ಬಟ್ಟೆ ತೆಗೆದಳು. ರಕ್ತ ನಿಂತಿತ್ತು. ಅವನು ಹೇಳಿದ್ದು ನಿಜ. ಏಳು ತಿಂಗಳಲ್ಲಿ ಅವಳು ಅವನನ್ನು ನೀರು ಬೇಕಾ ಎಂದು ಕೇಳಿದ್ದಳು, ಚಳಿಯಾ ಎಂದು ಕೇಳಿದ್ದಳು. ಬೇರೇನೂ ಕೇಳಿರಲಿಲ್ಲ. ಭಾನುವಾರಗಳಲ್ಲಿ ಗಿಟಾರ್ ತೆಗೆದುಕೊಂಡು ಅವನ ಮುಂದೆಯೇ ಹೊರಟುಹೋಗುತ್ತಿದ್ದಳು.

“ಸರಿ, ಈಗ ಕೇಳ್ತಿದ್ದೀನಿ. ಡಿಸ್ಕೋ ಏನನ್ಸುತ್ತೆ?”

“ಚೆನ್ನಾಗಿದೆ.”

“ಏನು?”

“ಮೊದಲ್ನೇದು...” ಎಂದು ಅವನು ಎಡಗೈಯಿಂದ ಕುರ್ಚಿಯ ತೋಳನ್ನು ದಡ್ ಎಂದು ಕುಟ್ಟಿದ. “ಹೊಡೀಬೇಕು ಅಂತ. ಆಸೆ. ಮೊದಲಿಂದ.” ಮತ್ತೆ ಕುಟ್ಟಿದ. “ಬಿಟ್ಟು ಬಿಟ್ಟು. ಸಾಕಾಗಿತ್ತು.”

ಇಪ್ಪತ್ತೆರಡು ವರ್ಷ ಆ ಖಾಲಿ ಜಾಗದ ಸುತ್ತ ಬಾಳು ಕಟ್ಟಿದ ಹೆಂಗಸಿಗೆ ಈ ಮಾತು ಸಿಡಿಲಿನಂತೆ ಬಡಿಯಬೇಕಿತ್ತು. ಬಡಿಯಲಿಲ್ಲ. “ಒಂದು ದಿನವಾದ್ರೂ ಹೇಳಬಾರದಿತ್ತಾ?” ಎಂದಳು. ಅವನು ಎಡ ತುಟಿಯಲ್ಲಿ ನಕ್ಕ. “ವಾಚಿನವನು. ಕೊಲ್ತಿದ್ದ.” ಆಮೇಲೆ ಕೈ ಚಾಚಿ, “ಪೆಟ್ಟಿಗೆ. ತಾ,” ಎಂದ.

ಶನಿವಾರ ಅವಳು ಬಣ್ಣದಂಗಡಿಗೆ ಹೋಗಿ, “ಪೆಟ್ಟಿಗೆ ಕೊಡು, ನಿನ್ನ ಭಾವ ಕೇಳ್ತಿದ್ದಾರೆ. ಅವರು ಬರ್ತಾರೆ ಅಂದ್ರೆ ನಾನೂ ಇದ್ದೀನಿ,” ಎಂದಳು. ಅಣ್ಣ ಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡು ಬಂದ. ಏಳು ತಿಂಗಳಲ್ಲಿ ಅವನು ಆ ಮನೆಯೊಳಗೆ ಬಂದದ್ದು ಮೂರನೇ ಸಲ. ಬಂದರೆ ಎಲ್ಲಿ ನೋಡಬೇಕೋ ತಿಳಿಯುತ್ತಿರಲಿಲ್ಲವಂತೆ. ಅವತ್ತು ಪೆಟ್ಟಿಗೆ ನೋಡಿದ. “ಭಾವ, ಇದು ಶುರು ಮಾಡೋ ಗುಂಡಿ, ಇದು ನಿಲ್ಲಿಸೋದು,” ಎಂದು ತೋರಿಸಿದ. ಬಡಗಿ ಅವನ ಕೈಗೆ ಒಂದು ಏಟು ಹಾಕಿದ, ಮುಟ್ಟಬೇಡ ಎಂದು.

ಐದು ವಾರ ಬಡಗಿ ಎಡಗೈ ಹೆಬ್ಬೆರಳಿನಿಂದ ಆ ಗುಂಡಿಗಳನ್ನು ಕಲಿತ. ಪೆಟ್ಟಿಗೆ ಜಾರದ ಹಾಗೆ ತೊಡೆಯ ಮೇಲಿಡುವ ಒಂದು ಹಲಗೆ ಬೇಕಾಗಿತ್ತು. ಅವನು ಹೇಳಿದ, ಬೇಸಕ್ಕ ಕೊಯ್ದಳು, ಅವನು ಬೈದ, ಅವಳು ಮತ್ತೆ ಕೊಯ್ದಳು. ಇನ್ನೊಂದು ತೊಂದರೆ ಉಳಿಯಿತು. ಪೀಂ ಪೀಂ ಬೇಡ, ಕೆಮ್ಮೇ ಬೇಕು ಎಂದು ಬಡಗಿ ಹಟ ಹಿಡಿದ. ಆ ಪೆಟ್ಟಿಗೆಯೊಳಗೆ ಧ್ವನಿಯನ್ನೂ ತುಂಬಿಸಬಹುದಿತ್ತು. ಅಣ್ಣ ಮೈಕು ಹಿಡಿದ, ಬಡಗಿ ಕೆಮ್ಮಿದ, ಪೆಟ್ಟಿಗೆ ಅದನ್ನು ಇಟ್ಟುಕೊಂಡಿತು. ಗುಂಡಿ ಒತ್ತಿದರೆ ಅವನ ಕೆಮ್ಮು ಕೇಳಿಸುತ್ತಿತ್ತು.

ಬೇಸಕ್ಕನಿಗೆ ಅದರ ಹಿಂದೆ ಬರಲಾಗಲಿಲ್ಲ. ಹತ್ತು ಸಲ ಮಾಡಿದರು. ಹತ್ತು ಸಲವೂ ಕೆಮ್ಮು ಒಂದೇ ಥರ, ಕೂದಲೆಳೆ ವ್ಯತ್ಯಾಸವಿಲ್ಲ. ಹತ್ತು ಸಲವೂ ಅವಳ ಬೆರಳು ತಂತಿಯ ಮೇಲೆ ಸುಮ್ಮನೆ ಕೂತಿತ್ತು.

“ಅವರದ್ದೇ ಕೆಮ್ಮಲ್ವೇನೇ?” ಎಂದ ಅಣ್ಣ ರೋಸಿಹೋಗಿ.

“ಅವರದ್ದೇ. ಆದ್ರೆ ಕೆಮ್ಮೋ ಮುಂಚೆ ಉಸಿರು ಎಳ್ಕೋತಾರಲ್ಲ, ನಾನು ಅದಕ್ಕೆ ಬರೋದು ಅನ್ಸುತ್ತೆ. ಇದರಲ್ಲಿ ಅದಿಲ್ಲ.”

ಅದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ, ಅಣ್ಣನಿಗೂ ಗೊತ್ತಿರಲಿಲ್ಲ. ಬಡಗಿ ಗೊತ್ತಿತ್ತು ಎನ್ನುವ ಹಾಗೆ ತಲೆಯಾಡಿಸಿದ. ಪೆಟ್ಟಿಗೆಯಿಂದ ಕೆಮ್ಮು ಅಳಿಸಿದರು. ಗುಂಡಿ ಪೆಟ್ಟಿಗೆಯದು, ಕೆಮ್ಮು ಬಡಗಿಯದೇ ಎಂದು ತೀರ್ಮಾನವಾಯಿತು. ಅಂದರೆ ಅವನು ವೇದಿಕೆಗೆ ಬರಲೇಬೇಕು.

ಆ ಭಾನುವಾರ ಸಭಾಂಗಣದಲ್ಲಿ ಮೂವತ್ತೊಂದು ಜನ ಇದ್ದರು. ನಾನೇ ಎಣಿಸಿದ್ದೆ. ಮೊದಲ ಸಲದ ಕಾಲು ಭಾಗವೂ ಇಲ್ಲ. ಎಳೆಯರಿಗೆ ಹೊಸತು ಹಳತಾಗಿತ್ತು, ಹಳಬರು ಮುನಿದೇ ಇದ್ದರು. ವೇದಿಕೆಗೆ ಐದು ಮೆಟ್ಟಿಲು. ಅಣ್ಣ, ಬೇಸಕ್ಕ, ಕನ್ನಡಕದಮ್ಮ ಮೂವರೂ ಸೇರಿ ಬಡಗಿಯನ್ನು ಕುರ್ಚಿ ಸಮೇತ ಎತ್ತಿದರು. “ಮದುಮಗ ಇಷ್ಟು ಭಾರ ಅಂತ ಮೊದಲೇ ಹೇಳಬಾರದಿತ್ತಾ?” ಎಂದಳು ಕನ್ನಡಕದಮ್ಮ. ಅದು ತಮಾಷೆ ಎಂದು ಬೇಸಕ್ಕನಿಗೆ ತಿಳಿಯಿತು. ವಾಚಿನವನು ಬಂದಿದ್ದ, ಆದರೆ ಒಳಗೆ ಬರಲಿಲ್ಲ. ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ಅವನ ಮೊಣಕೈ ಮಾತ್ರ ಒಳಗಿಂದ ಕಾಣುತ್ತಿತ್ತು.

ಬಡಗಿ ತೊಡೆಯ ಮೇಲಿನ ಹಲಗೆ ಸರಿಮಾಡಿಕೊಂಡ. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟ. ಉಸಿರು ಎಳೆದುಕೊಂಡ. ಮೊದಲಿನಂತೆ ಅಲ್ಲ, ಒಂದು ಬದಿಯಿಂದ ಗಾಳಿ ಸೋರುವ ಹಾಗೆ. ಕೆಮ್ಮಿದ. ಗುಂಡಿ ಒತ್ತುವುದು ಸ್ವಲ್ಪ ತಡವಾಯಿತು. ಬೇಸಕ್ಕನ ಬೆರಳು ಆ ತಡಕ್ಕೆ ಕಾಯದೆ ಬಂದುಬಿಟ್ಟಿತ್ತು. ಹೀಗಾಗಿ ಡಿಸ್ಕೋವಿನ ಆ ಮೊದಲ ಪೆಟ್ಟು ಅವಳ ಸ್ವರದ ನಂತರ ಬಿತ್ತು, ದಡ್ ಎಂದು. ಬಡಗಿ ಎಡ ತುಟಿಯಲ್ಲಿ ನಗುತ್ತಿದ್ದ. ಎರಡನೆಯ ಹಾಡಿಗೂ ತಡವಾಯಿತು, ಮೂರನೆಯದಕ್ಕೂ. ಅವಳು ಎಲ್ಲದಕ್ಕೂ ಕೆಮ್ಮಿಗೇ ಬಂದಳು. ಒಬ್ಬರೂ ಎದ್ದು ಕುಣಿಯಲಿಲ್ಲ. ಒಬ್ಬರೂ ಎದ್ದು ಹೋಗಲೂ ಇಲ್ಲ.

ಕೊನೆಯ ಹಾಡಿನ ಮುಂಚೆ ಬಾಗಿಲ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ವಾಚಿನವನದು ಎನ್ನುತ್ತಾನೆ ಅಣ್ಣ. ಹೊರಗೆ ಧೂಳಿತ್ತು, ಯಾರದಾದರೂ ಇರಬಹುದು ಎನ್ನುತ್ತಾಳೆ ಬೇಸಕ್ಕ. ಆ ಕೆಮ್ಮಿಗೆ ಅವಳ ಬೆರಳು ಕದಲಲಿಲ್ಲ ಎಂಬುದನ್ನು ಮಾತ್ರ ಇಬ್ಬರೂ ಒಪ್ಪುತ್ತಾರೆ. ಬಡಗಿ ಉಸಿರು ಎಳೆಯುವವರೆಗೆ ಅವಳು ಕಾದಳು.

ಕಾರ್ಯಕ್ರಮ ಮುಗಿದ ಮೇಲೆ ಅವಳು ಬೆರಳ ತುದಿಗಳನ್ನು ನೋಡಿಕೊಳ್ಳುತ್ತಿದ್ದಳು. ಉರಿಯುತ್ತಿದೆ ಎಂದಳು. ಇಷ್ಟು ದಿನ ಉರಿಯುತ್ತಿರಲಿಲ್ಲವಾ ಎಂದು ನಾನು ಕೇಳಿದ್ದಕ್ಕೆ, “ಉರೀತಿತ್ತೇನೋ, ನಾನು ನೋಡಿರಲಿಲ್ಲ,” ಎಂದಳು. ಕುರ್ಚಿ ಇಳಿಸಲು ಕೈ ಕೊಟ್ಟಳು.

ಬ್ಯಾಂಡು ಈಗಲೂ ಇದೆ, ಮೂರೇ ಜನ. ತಿಂಗಳಿಗೊಂದು ಭಾನುವಾರ ಗೋದಾಮಿನ ಬದಲು ಬಡಗಿಯ ಮನೆಯಲ್ಲೇ ಅಭ್ಯಾಸ. ವಾಚಿನವನೂ ಆ ಹೊಸಬನೂ ಹಳೆಯ ಹಾಡುಗಳನ್ನು ನುಡಿಸುತ್ತಾರೆ, ಬೇಸ್ ಇಲ್ಲದೆ. ಹೊಸ್ತಿಲ ಮೇಲೆ ಬಂದು ಬಿದ್ದ ಕ್ಯಾಸೆಟ್ಟುಗಳನ್ನು ಅಣ್ಣ ಒಂದು ಖಾಲಿ ಬಣ್ಣದ ಡಬ್ಬದಲ್ಲಿ ಹಾಕಿ ಇಟ್ಟಿದ್ದಾನೆ. ಯಾರಾದರೂ ವಾಪಸ್ ಕೇಳಿದರೆ ಕೊಡುತ್ತಾನೆ. ಇದುವರೆಗೆ ಇಬ್ಬರು ಕೇಳಿದ್ದಾರೆ. ಬೇಸಕ್ಕ ಬೆಳಿಗ್ಗೆ ಆರಕ್ಕೆ ಲಾಂಡ್ರಿಯಲ್ಲಿರುತ್ತಾಳೆ.

ನಾಳೆ ನಾನು ಲಾಂಡ್ರಿಗೆ ಹೋಗಿ ಅತ್ತೆ ಮತ್ತು ಕನ್ನಡಕದಮ್ಮ ಚಾದರ ಮಡಚುವಾಗ ಇದನ್ನು ಓದಿ ಹೇಳುತ್ತೇನೆ. ಅತ್ತೆ ಬೇಡ ಅಂದ ಸಾಲುಗಳನ್ನು ಹೊಡೆದುಹಾಕಿ, ಮತ್ತೊಮ್ಮೆ ಚೆನ್ನಾಗಿ ಬರೆದು, ವಾಚನಾಲಯಕ್ಕೆ ಕೊಡುತ್ತೇನೆ.